ನೋಯದ ಕಿಡ್ನಿಯನ್ನು ಕಾಯುವುದು ಹೇಗೆ? ಲೂಪಸ್ ಇರುವವರಿಗೆ ಒಂದು ಮಾರ್ಗದರ್ಶಿ

0.6, 0.7, 0.8, 1.0.

ಒಂದೂವರೆ ವರ್ಷದಲ್ಲಿ ಮಾಡಿಸಿದ ನಾಲ್ಕು ರಕ್ತಪರೀಕ್ಷೆಗಳಲ್ಲಿ ನನಗೆ ಬಂದಿದ್ದ ಕ್ರಿಯೇಟಿನಿನ್ ಅಂಕಿಗಳಿವು. ಕಿಡ್ನಿ ಹೊರಗೆ ಹಾಕಬೇಕಾದ ಕಸದ ಅಳತೆ ಇದು, ಕಿಡ್ನಿ ಸೋತಷ್ಟೂ ಏರುತ್ತದೆ. ನಾಲ್ಕರಲ್ಲಿ ಒಂದರ ಪಕ್ಕದಲ್ಲೂ ಲ್ಯಾಬಿನವರು ನಕ್ಷತ್ರದ ಗುರುತು ಹಾಕಿರಲಿಲ್ಲ. ಎಲ್ಲವೂ 'ನಾರ್ಮಲ್' ಮಿತಿಯೊಳಗೇ ಇದ್ದವು. ಪ್ರತಿ ಸಲವೂ ರಿಪೋರ್ಟ್ ನೋಡಿ, ಸದ್ಯ ಬಚಾವಾದೆ ಅಂದುಕೊಂಡು ಫೈಲಿಗೆ ಸೇರಿಸಿಬಿಡುತ್ತಿದ್ದೆ. ನಾಲ್ಕನ್ನೂ ಒಂದೇ ಸಾಲಿನಲ್ಲಿ ಬರೆದು ನೋಡಿದವರು ಹೊಸದಾಗಿ ಬಂದಿದ್ದ ಒಬ್ಬ ಕಿರಿಯ ಡಾಕ್ಟರು. 0.6 ಮತ್ತು 1.0ರ ಕೆಳಗೆ ಪೆನ್ನಿನಿಂದ ಗೆರೆ ಎಳೆದು, "ಮೂತ್ರದ ಪ್ರೋಟೀನ್ ಕೊನೇ ಸಲ ನೋಡಿದ್ದು ಯಾವಾಗ?" ಅಂತ ಕೇಳಿದರು. ನನಗೆ ನೆನಪಿರಲಿಲ್ಲ. ಫೈಲಿನಲ್ಲೂ ಇರಲಿಲ್ಲ.

ಆಗ ನನಗೆ 32 ವರ್ಷ. ಆ ವಯಸ್ಸಿನ ಹೆಂಗಸಿಗೆ ಕ್ರಿಯೇಟಿನಿನ್ 0.6 ಇದ್ದರೆ ಕಿಡ್ನಿಯ ಸೋಸುವ ಶಕ್ತಿ ನಿಮಿಷಕ್ಕೆ ಸುಮಾರು 120 ಮಿಲಿಲೀಟರ್ ಇರುತ್ತದೆ. 1.0ಕ್ಕೆ ಬಂದರೆ ಅದು 77ರ ಹತ್ತಿರ. ಮೂರನೇ ಒಂದು ಪಾಲಿಗಿಂತ ಜಾಸ್ತಿಯೇ ಇಳಿದಿತ್ತು. ನನಗೆ ಎಲ್ಲೂ ನೋವಿರಲಿಲ್ಲ.

ನನಗಿರುವುದು ಲೂಪಸ್, ದೇಹದ ರಕ್ಷಣಾ ವ್ಯವಸ್ಥೆ ತನ್ನ ಮೈಯ ಮೇಲೇ ತಿರುಗಿ ಬೀಳುವ ಕಾಯಿಲೆ.

ಲೂಪಸ್‌ನಲ್ಲಿ ಕೀಲು ನೋಯುತ್ತದೆ, ಚರ್ಮ ಕೆಂಪಾಗುತ್ತದೆ, ಕೂದಲು ಉದುರುತ್ತದೆ. ಕಿಡ್ನಿ ಮಾತ್ರ ಸುಮ್ನೆ ಇರುತ್ತದೆ. ಹಾಗಾಗಿ 'ಈಗ ಚೆನ್ನಾಗಿದ್ದೇನೆ' ಅನ್ನುವ ಅನಿಸಿಕೆಯನ್ನು ಕಿಡ್ನಿಯ ವಿಷಯದಲ್ಲಿ ಲೆಕ್ಕಕ್ಕೇ ಇಟ್ಟುಕೊಳ್ಳಬೇಡಿ. ಈ ಲೇಖನದಲ್ಲಿ ಮುಂದೆ ಬರುವುದೆಲ್ಲ ಈ ಮಾತಿನಿಂದಲೇ ಹುಟ್ಟಿದ್ದು.

ಮೊದಲು, ಒಳಗೆ ಆಗುವುದೇನು

ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ಪುಟ್ಟ ಸೋಸುಕಗಳಿವೆ. ಎರಡೂ ಕಿಡ್ನಿ ಸೇರಿ ದಿನಕ್ಕೆ ಹತ್ತಿರಹತ್ತಿರ 180 ಲೀಟರ್ ದ್ರವ ಸೋಸಿ, ಬೇಕಾದ್ದನ್ನೆಲ್ಲ ವಾಪಸ್ ಎಳೆದುಕೊಂಡು, ಒಂದೆರಡು ಲೀಟರನ್ನಷ್ಟೇ ಮೂತ್ರವಾಗಿ ಹೊರಗೆ ಬಿಡುತ್ತವೆ. ಲೂಪಸ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಜೀವಕೋಶಗಳ ಒಳಗಿನ ವಸ್ತುಗಳ ಮೇಲೆ ತಿರುಗಿ ಬೀಳುತ್ತದೆ. ಆ ಜಗಳದಲ್ಲಿ ಹುಟ್ಟಿದ ಗಂಟುಗಳು ರಕ್ತದಲ್ಲಿ ತೇಲಿಬಂದು ಈ ಸೋಸುಕಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಕೆಲವು ಅಲ್ಲಿಯೇ ಹುಟ್ಟುವುದೂ ಉಂಟು. ಜಾಗ ಊದಿಕೊಳ್ಳುತ್ತದೆ. ಜರಡಿಯ ತೂತು ದೊಡ್ಡದಾದ ಹಾಗೆ ಪ್ರೋಟೀನು, ರಕ್ತಕಣ ಮೂತ್ರಕ್ಕೆ ಸೋರುತ್ತವೆ. ಇದಕ್ಕೆ ಲೂಪಸ್ ನೆಫ್ರೈಟಿಸ್ ಅನ್ನುತ್ತಾರೆ.

ಊತವನ್ನು ಔಷಧಿಯಿಂದ ಇಳಿಸಬಹುದು. ಊತ ಬಹಳ ದಿನ ಉಳಿದರೆ ಅಲ್ಲಿ ಕಲೆ ಕಟ್ಟುತ್ತದೆ. ಕಲೆ ಕಟ್ಟಿದ ಸೋಸುಕ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಆತುರ ಯಾಕೆ ಅಂತ ಕೇಳಿದರೆ ಉತ್ತರ ಇಷ್ಟೇ.

ಲೂಪಸ್ ಇರುವ ದೊಡ್ಡವರಲ್ಲಿ 100ಕ್ಕೆ ಸುಮಾರು 40 ಜನರಿಗೆ ಯಾವಾಗಲಾದರೂ ಕಿಡ್ನಿಗೆ ತಾಗುತ್ತದೆ. ಮಕ್ಕಳಲ್ಲಿ ಇನ್ನೂ ಜಾಸ್ತಿ. ಬಹಳಷ್ಟು ಸಲ ಮೊದಲ 5 ವರ್ಷಗಳಲ್ಲೇ ಕಾಣಿಸಿಕೊಳ್ಳುತ್ತದೆ. ಆದರೆ ಐದು ವರ್ಷ ದಾಟಿತು ಅಂತ ಪರೀಕ್ಷೆ ಬಿಡುವ ಹಾಗಿಲ್ಲ.

ಹೆಜ್ಜೆ 1: ಒಂದು ನೋಟ್‌ಬುಕ್ ಮಾಡಿ

ಫೈಲ್ ಬೇರೆ, ನೋಟ್‌ಬುಕ್ ಬೇರೆ. ಫೈಲಿನಲ್ಲಿ ಒಂದೊಂದು ರಿಪೋರ್ಟೂ ತನ್ನಷ್ಟಕ್ಕೆ ತಾನಿರುತ್ತದೆ. ನೋಟ್‌ಬುಕ್‌ನಲ್ಲಿ ಅವು ಸಾಲಾಗಿ ನಿಲ್ಲುತ್ತವೆ, ಯಾವ ಕಡೆಗೆ ಹೊರಟಿವೆ ಅನ್ನುವುದು ಕಾಣುತ್ತದೆ. ಒಂದು ಪುಟವನ್ನು ಅಡ್ಡ ತಿರುಗಿಸಿ ಗೆರೆ ಹಾಕಿ. ತಾರೀಖು, ಮೂತ್ರದ ಪ್ರೋಟೀನ್, ಮೂತ್ರದ ಕೆಂಪು ರಕ್ತಕಣ, ಕ್ರಿಯೇಟಿನಿನ್, ಇ-ಜಿಎಫ್‌ಆರ್, ಸಿ3, ಸಿ4, ಡಿಎಸ್-ಡಿಎನ್‌ಎ, ಬಿಪಿ, ತೂಕ. ಕೊನೆಯ ಕಾಲಂ ಆ ದಿನ ತೆಗೆದುಕೊಳ್ಳುತ್ತಿದ್ದ ಸ್ಟೆರಾಯ್ಡ್ ಡೋಸಿಗೆ. ಈ ಕೊನೆಯದನ್ನು ಬಹಳ ಜನ ಮರೆಯುತ್ತಾರೆ. ಡೋಸ್ ಇಳಿಸಿದ ಎರಡು ತಿಂಗಳಿಗೆ ಪ್ರೋಟೀನ್ ಏರಿತಾ ಅಂತ ನೋಡಲು ಬೇಕಾಗುವುದೇ ಅದು.

ಈ ಕಾಲಂಗಳಲ್ಲಿ ಒಂದನ್ನಷ್ಟೇ ನೋಡಲು ಸಮಯ ಇದ್ದರೆ ಮೂತ್ರದ ಪ್ರೋಟೀನ್ ನೋಡಿ. ಕ್ರಿಯೇಟಿನಿನ್ ಏರುವ ಎಷ್ಟೋ ಮೊದಲೇ ಮೂತ್ರದಲ್ಲಿ ಸುಳಿವು ಸಿಗುತ್ತದೆ. ರಿಪೋರ್ಟಿನಲ್ಲಿ ಇದು ಯುಪಿಸಿಆರ್ ಅಂತ ಬರುತ್ತದೆ, ಅಂದರೆ ಮೂತ್ರದ ಪ್ರೋಟೀನಿಗೂ ಕ್ರಿಯೇಟಿನಿನ್‌ಗೂ ಇರುವ ಅನುಪಾತ. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ 0.15ರಿಂದ 0.2ರ ಕೆಳಗಿರುತ್ತದೆ. 0.5 ದಾಟಿತು ಅಂದರೆ ಡಾಕ್ಟರು ಬಯಾಪ್ಸಿಯ, ಅಂದರೆ ಕಿಡ್ನಿಯ ಪುಟ್ಟ ಚೂರು ತೆಗೆದು ಪರೀಕ್ಷಿಸುವ, ಮಾತು ತೆಗೆಯುತ್ತಾರೆ. ಒಂದು ಲ್ಯಾಬು 0.5 ಅಂತ ಬರೆದದ್ದನ್ನೇ ಇನ್ನೊಂದು ಲ್ಯಾಬು 500 ಅಂತ ಬರೆಯುತ್ತದೆ. ಮೊದಲನೆಯದು ಗ್ರಾಂ ಲೆಕ್ಕ, ಎರಡನೆಯದು ಮಿಲಿಗ್ರಾಂ ಲೆಕ್ಕ. ಅಂಕಿಯ ಮುಂದೆ ಇರುವ ಮಾನವನ್ನೂ ಬರೆದುಕೊಳ್ಳಿ. ಆದಷ್ಟೂ ಒಂದೇ ಲ್ಯಾಬಿಗೆ ಹೋಗಿ.

ಕ್ರಿಯೇಟಿನಿನ್ ಸ್ನಾಯುಗಳಿಂದ ಬರುವ ಕಸ. ಕಿಡ್ನಿ ಅದನ್ನು ಹೊರಗೆ ಹಾಕುತ್ತದೆ. ಸಣಕಲು ಮೈಯವರಲ್ಲಿ ಸ್ನಾಯು ಕಡಿಮೆ, ಹಾಗಾಗಿ ಕಸವೂ ಕಡಿಮೆ. ಕಿಡ್ನಿ ಅರ್ಧ ಸೋತಿದ್ದರೂ ಅಂಕಿ 'ನಾರ್ಮಲ್' ಅಂತಲೇ ತೋರಬಹುದು. ಲ್ಯಾಬಿನ ಮಿತಿಗಿಂತ ನಿಮ್ಮದೇ ಹಳೆಯ ಅಂಕಿ ನಿಮಗೆ ಒಳ್ಳೆಯ ಅಳತೆ. ಇ-ಜಿಎಫ್‌ಆರ್ ಅದೇ ಕ್ರಿಯೇಟಿನಿನ್‌ಗೆ ವಯಸ್ಸು, ಲಿಂಗ ಸೇರಿಸಿ ಹಾಕಿದ, ಸೋಸುವ ಶಕ್ತಿಯ ಲೆಕ್ಕ. 90ರ ಮೇಲಿದ್ದರೆ ಸರಿ. 60ರ ಕೆಳಗೆ ಮೂರು ತಿಂಗಳು ನಿಂತರೆ ದೀರ್ಘಕಾಲದ ಕಿಡ್ನಿ ಕಾಯಿಲೆ ಅನ್ನುತ್ತಾರೆ.

ಸಿ3, ಸಿ4 ರಕ್ತದಲ್ಲಿರುವ ರಕ್ಷಣೆಯ ಪ್ರೋಟೀನುಗಳು. ಲೂಪಸ್ ಕೆರಳಿದಾಗ ಖರ್ಚಾಗಿಹೋಗುತ್ತವೆ, ಅಂಕಿ ಇಳಿಯುತ್ತದೆ. ಡಿಎಸ್-ಡಿಎನ್‌ಎ ಅನ್ನುವುದು ನಮ್ಮದೇ ಡಿಎನ್‌ಎ ಮೇಲೆ ತಿರುಗಿಬಿದ್ದ ಪ್ರತಿಕಾಯ. ಕೆರಳಿದಾಗ ಅದು ಏರುತ್ತದೆ. ಅದು ಏರಿ ಇವು ಇಳಿದರೆ ಮುಂದಿನ ಮೂತ್ರಪರೀಕ್ಷೆಯನ್ನು ಮುಂದೂಡಬೇಡಿ. ಇವೆರಡೂ ಎಲ್ಲರಲ್ಲೂ ಹೀಗೆಯೇ ನಡೆದುಕೊಳ್ಳುವುದಿಲ್ಲ. ನಿಮ್ಮ ಮೈಯಲ್ಲಿ ಹೇಗೆ ಅನ್ನುವುದನ್ನು ಎರಡು ವರ್ಷದ ನೋಟ್‌ಬುಕ್ಕೇ ಹೇಳುತ್ತದೆ.

ಎಷ್ಟು ದಿನಕ್ಕೊಮ್ಮೆ? ಕಿಡ್ನಿಗೆ ಏನೂ ಆಗಿಲ್ಲ ಅಂದರೂ 3ರಿಂದ 6 ತಿಂಗಳಿಗೊಮ್ಮೆ. ನೆಫ್ರೈಟಿಸ್ ಇದ್ದರೆ ಶುರುವಿನಲ್ಲಿ ತಿಂಗಳಿಗೊಮ್ಮೆ ಅಥವಾ ಇನ್ನೂ ಬೇಗ, ಆಮೇಲೆ ಡಾಕ್ಟರು ಹೇಳಿದ ಹಾಗೆ.

ಹೆಜ್ಜೆ 2: ಮೂತ್ರವನ್ನು ಸರಿಯಾಗಿ ಕೊಡಿ

ಕೇಳಲಿಕ್ಕೆ ತಮಾಷೆ ಅನ್ನಿಸಬಹುದು. ಆದರೆ ತಪ್ಪಾಗಿ ಕೊಟ್ಟ ಸ್ಯಾಂಪಲ್ಲಿನಿಂದ ಡೋಸ್ ಏರಿದ್ದೂ ಉಂಟು.

ಬೆಳಗ್ಗೆ ಎದ್ದ ಕೂಡಲೆ ಬರುವ ಮೊದಲ ಮೂತ್ರ ಒಳ್ಳೆಯದು. ಮೊದಲು ಸ್ವಲ್ಪ ಬಿಟ್ಟು, ನಡುವಿನದನ್ನು ಡಬ್ಬಿಗೆ ಹಿಡಿಯಿರಿ. ಡಬ್ಬಿಯ ಒಳಗೆ ಬೆರಳು ತಾಗಿಸಬೇಡಿ. ಒಂದೆರಡು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಿ, ಆಗದಿದ್ದರೆ ಫ್ರಿಜ್ಜಿನಲ್ಲಿಡಿ. ಮುಟ್ಟಿನ ದಿನಗಳಲ್ಲಿ ಕೊಡಬೇಡಿ, ಆ ರಕ್ತ ಕಿಡ್ನಿಯದೋ ಅಲ್ಲವೋ ಯಾರಿಗೂ ಗೊತ್ತಾಗುವುದಿಲ್ಲ. ಜ್ವರ ಬಂದಾಗ, ಮೂತ್ರದ ಸೋಂಕು ಇದ್ದಾಗ, ಹಿಂದಿನ ದಿನ ಜಿಮ್ಮಿನಲ್ಲಿ ಬೆವರಿಳಿಸಿದಾಗ ಪ್ರೋಟೀನ್ ಸುಮ್ನೆ ಏರಿ ಕಾಣುತ್ತದೆ. ಅಂಥ ದಿನ ಕೊಡಲೇಬೇಕಾಗಿ ಬಂದರೆ ಡಾಕ್ಟರಿಗೆ ಹೇಳಿ, ನೋಟ್‌ಬುಕ್‌ನಲ್ಲೂ ಪಕ್ಕಕ್ಕೆ ಬರೆದಿಡಿ.

ಕೆಲವೊಮ್ಮೆ 24 ಗಂಟೆಯ ಮೂತ್ರ ಕೇಳುತ್ತಾರೆ. ಬೆಳಗ್ಗೆ ಏಳಕ್ಕೆ ಶುರು ಅಂದುಕೊಳ್ಳಿ. ಏಳರ ಮೂತ್ರವನ್ನು ಹೊರಗೆ ಬಿಟ್ಟುಬಿಡಬೇಕು. ಆಮೇಲಿನದ್ದನ್ನೆಲ್ಲ ಹಿಡಿದು, ಮರುದಿನ ಏಳರದ್ದನ್ನು ಡಬ್ಬಿಗೆ ಸೇರಿಸಿ ನಿಲ್ಲಿಸಬೇಕು. ಎರಡೂ ಏಳನ್ನು ಸೇರಿಸಿದರೆ ಲೆಕ್ಕ ಕೆಟ್ಟಿತು.

ಹೆಜ್ಜೆ 3: ಮನೆಯಲ್ಲೇ ಕಾಣುವ ಗುರುತುಗಳು

ಕಾಲುಚೀಲ ಬಿಚ್ಚಿದಾಗ ಆಳವಾದ ಗೆರೆ ಉಳಿಯುವುದು. ಹೆಬ್ಬೆರಳಿನಿಂದ ಮೊಣಕಾಲಿನ ಕೆಳಗಿನ ಮೂಳೆಯ ಮೇಲೆ ಹತ್ತು ಸೆಕೆಂಡ್ ಒತ್ತಿ ಬಿಟ್ಟರೆ ಗುಳಿ ಹಾಗೇ ನಿಲ್ಲುವುದು. ಬೆಳಗ್ಗೆ ಕಣ್ಣಿನ ರೆಪ್ಪೆ ಊದಿರುವುದು. ಎರಡು ಮೂರು ದಿನದಲ್ಲಿ ಎರಡು ಕಿಲೋ ತೂಕ ಏರುವುದು, ಅದು ಕೊಬ್ಬಲ್ಲ, ನೀರು. ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳುವುದು. ಮೂತ್ರ ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗುವುದು.

ಇನ್ನು ನೊರೆ. ಜೋರಾಗಿ ಬಿದ್ದ ಮೂತ್ರದಲ್ಲಿ ಯಾರಿಗಾದರೂ ಗುಳ್ಳೆ ಬರುತ್ತದೆ, ಅರೆ ನಿಮಿಷದಲ್ಲಿ ಒಡೆದುಹೋಗುತ್ತದೆ. ಪ್ರೋಟೀನಿನ ನೊರೆ ಸೋಪಿನ ನೊರೆಯ ಹಾಗೆ ಪದರವಾಗಿ ನಿಲ್ಲುತ್ತದೆ, ಒಮ್ಮೆ ಫ್ಲಶ್ ಮಾಡಿದರೂ ಪೂರ್ತಿ ಹೋಗುವುದಿಲ್ಲ. ದಿನಾ ಹಾಗೆ ಕಂಡರೆ ಪರೀಕ್ಷೆ ಮಾಡಿಸಿ. ಕಾಣಲಿಲ್ಲ ಅಂತ ಮಾತ್ರ ನೆಮ್ಮದಿಯಿಂದ ಕೂರಬೇಡಿ. ನನಗೆ ಇವುಗಳಲ್ಲಿ ಒಂದೂ ಕಂಡಿರಲಿಲ್ಲ. ಆ ಕಿರಿಯ ಡಾಕ್ಟರು ಅಂದೇ ಮಾಡಿಸಿದ ಯುಪಿಸಿಆರ್ 1.8 ಇತ್ತು.

ಹೆಜ್ಜೆ 4: ಬಯಾಪ್ಸಿ ಅಂದರೆ ಹಿಂದೆ ಸರಿಯಬೇಡಿ

ಮೂತ್ರದಲ್ಲಿ ಪ್ರೋಟೀನ್ ಇದೆ ಅನ್ನುವುದು ಮಾತ್ರ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಒಳಗಿರುವುದು ಊತವೋ ಕಲೆಯೋ ಅನ್ನುವುದು ಗೊತ್ತಾಗುವುದು ಬಯಾಪ್ಸಿಯಿಂದಲೇ. ಊತವಾಗಿದ್ದರೆ ಗಟ್ಟಿ ಔಷಧಿ ಬೇಕು. ಬರೀ ಕಲೆಯಾಗಿದ್ದರೆ ಆ ಔಷಧಿಯಿಂದ ಅಡ್ಡಪರಿಣಾಮ ಬಿಟ್ಟು ಬೇರೇನೂ ಸಿಗುವುದಿಲ್ಲ. ಲೂಪಸ್ ನೆಫ್ರೈಟಿಸ್ಸನ್ನು 1ರಿಂದ 6ರವರೆಗೆ ಆರು ವರ್ಗ ಮಾಡಿದ್ದಾರೆ. 3, 4, 5ನೇ ವರ್ಗಗಳಿಗೆ ಚಿಕಿತ್ಸೆ ಗಟ್ಟಿ. 6 ಅಂದರೆ ಬಹುಪಾಲು ಕಲೆ ಕಟ್ಟಿದ ಹಂತ. ಈ ಸಂಖ್ಯೆ ಕ್ಯಾನ್ಸರಿನ ಸ್ಟೇಜಿನ ಹಾಗಲ್ಲ. 5 ಅಂದರೆ 4ಕ್ಕಿಂತ ಕೆಟ್ಟದ್ದು ಅಂತ ಅರ್ಥವಲ್ಲ, ಊತ ಸೋಸುಕದ ಬೇರೆ ಜಾಗದಲ್ಲಿದೆ ಅಂತ ಅರ್ಥ.

ನಡೆಯುವುದು ಹೀಗೆ. ಬೋರಲು ಮಲಗಿಸುತ್ತಾರೆ. ಬೆನ್ನಿನ ಕೆಳಭಾಗದಲ್ಲಿ ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ. ಅಲ್ಟ್ರಾಸೌಂಡ್ ನೋಡಿಕೊಂಡು ತೆಳ್ಳಗಿನ ಸೂಜಿ ಹಾಕುತ್ತಾರೆ, ಉಸಿರು ಹಿಡಿಯಿರಿ ಅನ್ನುತ್ತಾರೆ. ಸ್ಟೇಪ್ಲರ್ ಒತ್ತಿದ ಹಾಗೆ ಒಂದು ಟಕ್ ಶಬ್ದ. ಸಾಮಾನ್ಯವಾಗಿ ಎರಡು ಮೂರು ಸಲ. ಆಮೇಲೆ ಕೆಲವು ಗಂಟೆ, ಕೆಲವು ಕಡೆ ಒಂದಿಡೀ ದಿನ, ಮಲಗಿರಬೇಕು. ಈ ಮಲಗುವುದೇ ಬೇಜಾರು. ರಕ್ತಸ್ರಾವ ಆಗಬಹುದು ಅನ್ನುವುದು ಮುಖ್ಯ ಅಪಾಯ, ಅದಕ್ಕೇ ಮಲಗಿಸಿ ಬಿಪಿ ನೋಡುತ್ತಿರುತ್ತಾರೆ. ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ತಾರೀಖು ಗೊತ್ತಾದ ದಿನವೇ ಹೇಳಿ, ನೀವೇ ನಿಲ್ಲಿಸಬೇಡಿ.

ಹೆಜ್ಜೆ 5: ಮಾತ್ರೆಗಳ ಜೊತೆ ಬದುಕುವುದು

ಲೂಪಸ್ ಇರುವ ಹೆಚ್ಚುಕಡಿಮೆ ಎಲ್ಲರಿಗೂ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಡುತ್ತಾರೆ. ನೋವಿಗೆ ತಕ್ಷಣ ಏನೂ ಮಾಡದ ಮಾತ್ರೆ ಇದು, ಅದಕ್ಕೇ ಜನ ಮೊದಲು ಬಿಡುವುದೂ ಇದನ್ನೇ. ಲೂಪಸ್ ಮತ್ತೆ ಕೆರಳುವುದನ್ನು ತಡೆಯುವುದು, ಕಿಡ್ನಿಯನ್ನು ಕಾಯುವುದು ಇದರ ಕೆಲಸ. ಡೋಸನ್ನು ಸಾಮಾನ್ಯವಾಗಿ ಒಂದು ಕಿಲೋ ತೂಕಕ್ಕೆ ದಿನಕ್ಕೆ 5 ಮಿಲಿಗ್ರಾಂ ಮೀರದ ಹಾಗೆ ಇಡುತ್ತಾರೆ. ಕಣ್ಣಿನ ರೆಟಿನಾಕ್ಕೆ ತೊಂದರೆ ಆಗಬಹುದು ಅಂತ ಶುರುವಿನಲ್ಲಿ ಒಮ್ಮೆ ಕಣ್ಣು ಪರೀಕ್ಷೆ, 5 ವರ್ಷದ ನಂತರ ಪ್ರತಿವರ್ಷ. ಕಿಡ್ನಿಯ ಶಕ್ತಿ ಇಳಿದವರಲ್ಲಿ ಈ ಮಾತ್ರೆ ಮೈಯಲ್ಲಿ ಜಾಸ್ತಿ ಉಳಿಯುತ್ತದೆ. ಅವರಿಗೆ ಪ್ರತಿವರ್ಷದ ಪರೀಕ್ಷೆ ಬೇಗ ಶುರುವಾಗಬೇಕು.

ನೆಫ್ರೈಟಿಸ್ ಬಂದರೆ ಸ್ಟೆರಾಯ್ಡ್, ಅದರ ಜೊತೆಗೆ ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುವ ಮೈಕೋಫೆನೋಲೇಟ್ ಅಥವಾ ಸೈಕ್ಲೋಫಾಸ್ಫಮೈಡ್. ಈಚೆಗೆ ಇವುಗಳ ಜೊತೆ ಬೆಲಿಮುಮಾಬ್, ಟ್ಯಾಕ್ರೋಲಿಮಸ್, ವೊಕ್ಲೋಸ್ಪೊರಿನ್ ಕೂಡ ಬಂದಿವೆ. ಸ್ಟೆರಾಯ್ಡನ್ನು ಬೇಗ ಇಳಿಸಿ ದಿನಕ್ಕೆ 5 ಮಿಲಿಗ್ರಾಂ ಅಥವಾ ಅದಕ್ಕೂ ಕೆಳಗೆ ತರುವುದು ಈಗಿನ ಪದ್ಧತಿ. ಇಳಿಸುವುದು ಡಾಕ್ಟರ ಕೆಲಸ. ನೀವಾಗಿ ಥಟ್ಟನೆ ನಿಲ್ಲಿಸಿದರೆ ದೇಹಕ್ಕೆ ತನ್ನದೇ ಸ್ಟೆರಾಯ್ಡ್ ತಯಾರಿಸುವ ಅಭ್ಯಾಸ ತಪ್ಪಿಹೋಗಿರುತ್ತದೆ, ಬಿಪಿ ಕುಸಿದು ಪ್ರಾಣಕ್ಕೇ ಬರಬಹುದು.

ಮೈಕೋಫೆನೋಲೇಟ್ ಶುರುವಿನಲ್ಲಿ ಹೊಟ್ಟೆ ಕೆಡಿಸುತ್ತದೆ. ಬಿಟ್ಟುಬಿಡಬೇಡಿ, ಡೋಸನ್ನು ಹಂಚಿ ತೆಗೆದುಕೊಳ್ಳಬಹುದಾ ಅಂತ ಕೇಳಿ. ಹೊಟ್ಟೆ ಉರಿ ಅಂತ ಅದರ ಜೊತೆಗೇ ಮೆಗ್ನೀಸಿಯಂ, ಅಲ್ಯುಮಿನಿಯಂ ಇರುವ ಆಂಟಾಸಿಡ್ ಕುಡಿದರೆ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ನಡುವೆ ಎರಡು ಗಂಟೆ ಬಿಡಿ.

ಪ್ರೋಟೀನ್ ಇಳಿಯುವುದು ನಿಧಾನ. ಮೂರು ತಿಂಗಳಿಗೆ ಕಾಲು ಭಾಗ, ಆರು ತಿಂಗಳಿಗೆ ಅರ್ಧ ಇಳಿದು, ಒಂದು ವರ್ಷಕ್ಕೆ 0.5ರಿಂದ 0.7ರ ಕೆಳಗೆ ಬಂದರೆ ದಾರಿ ಸರಿಯಿದೆ ಅಂತ ಲೆಕ್ಕ. ಶುರುವಿನಲ್ಲೇ ಬಹಳ ಪ್ರೋಟೀನ್ ಹೋಗುತ್ತಿದ್ದವರಿಗೆ ಇನ್ನೂ ಸಮಯ ಹಿಡಿಯಬಹುದು. ಅಂಕಿ ಸರಿಯಾದ ಮೇಲೂ ಔಷಧಿ ಮುಂದುವರಿಯುತ್ತದೆ, ಎಲ್ಲ ಸೇರಿ ಕನಿಷ್ಠ ಮೂರು ವರ್ಷ. ಎರಡನೇ ವರ್ಷದಲ್ಲೇ ಎಲ್ಲರಿಗೂ ಬಿಡುವ ಮನಸ್ಸಾಗುವುದು, ನನಗೂ ಆಗಿತ್ತು. ರಿಪೋರ್ಟ್ ಚೆನ್ನಾಗಿದೆ, ಮೈ ಚೆನ್ನಾಗಿದೆ, ಮತ್ಯಾಕೆ ದಿನಾ ಇಷ್ಟು ಮಾತ್ರೆ? ರಿಪೋರ್ಟ್ ಚೆನ್ನಾಗಿರುವುದೇ ಆ ಮಾತ್ರೆಗಳಿಂದ ಅಂತ ಆಗ ಯಾರಾದರೂ ನೆನಪಿಸಬೇಕು. ತಪ್ಪಿಸಿದ ಡೋಸನ್ನು ಡಾಕ್ಟರಿಂದ ಮುಚ್ಚಿಡಬೇಡಿ. ಮುಚ್ಚಿಟ್ಟರೆ 'ಈ ಔಷಧಿ ಇವರಿಗೆ ಕೆಲಸ ಮಾಡುತ್ತಿಲ್ಲ' ಅಂತ ತಿಳಿದು ಇನ್ನೂ ಗಟ್ಟಿಯಾದದ್ದು ಬರೆಯುತ್ತಾರೆ.

ಹೆಜ್ಜೆ 6: ನೋವಿನ ಮಾತ್ರೆಯ ಸ್ಟ್ರಿಪ್ ತಿರುಗಿಸಿ ಓದಿ

ಲೂಪಸ್ ಅಂದಮೇಲೆ ಕೀಲು ನೋವು ಇದ್ದದ್ದೇ. ನೋವು ಅಂದಮೇಲೆ ಐಬುಪ್ರೊಫೇನ್, ಡೈಕ್ಲೋಫೆನಾಕ್, ನ್ಯಾಪ್ರಾಕ್ಸೆನ್, ಅಸಿಕ್ಲೋಫೆನಾಕ್ ಕೈಗೆ ಬರುತ್ತವೆ. ಕಿಡ್ನಿಗೆ ರಕ್ತ ತರುವ ನಾಳವನ್ನು ಅಗಲವಾಗಿ ಇಟ್ಟಿರುವ ರಾಸಾಯನಿಕವನ್ನೇ ಈ ಮಾತ್ರೆಗಳು ತಡೆಯುತ್ತವೆ. ಕಿಡ್ನಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಗಟ್ಟಿ ಕಿಡ್ನಿ ಇದ್ದವರು ಎರಡು ದಿನ ತಡೆದುಕೊಂಡಾರು. ಊದಿದ ಕಿಡ್ನಿ ತಡೆಯುವುದಿಲ್ಲ. ಬಿಪಿ ಮಾತ್ರೆ ಮತ್ತು ನೀರಿಳಿಸುವ ಮಾತ್ರೆಯ ಜೊತೆಗೆ ಇದೂ ಸೇರಿದರೆ ಒಂದೇ ವಾರದಲ್ಲಿ ಕ್ರಿಯೇಟಿನಿನ್ ಜಿಗಿಯಬಹುದು.

ಕಷ್ಟ ಇರುವುದು ಹೆಸರಿನಲ್ಲಿ. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಕಂಪನಿಯ ಹೆಸರಿರುತ್ತದೆ. ಒಳಗೇನಿದೆ ಅನ್ನುವುದು ಹಿಂದೆ ಸಣ್ಣಕ್ಷರದಲ್ಲಿ. ನೆಗಡಿ ಮಾತ್ರೆ, ಮುಟ್ಟಿನ ನೋವಿನ ಮಾತ್ರೆ, ಹಲ್ಲಿನ ಡಾಕ್ಟರು ಬರೆದ ಮಾತ್ರೆ, ಎಲ್ಲದರಲ್ಲೂ ಇವು ಕೂಡಿಕೊಂಡಿರಬಹುದು. ನಾನು ಈಗಲೂ ಔಷಧಿ ಅಂಗಡಿಯ ಕಟ್ಟೆಯ ಮೇಲೇ ಸ್ಟ್ರಿಪ್ ತಿರುಗಿಸಿ, ಬೆಳಕಿಗೆ ಹಿಡಿದು ಓದುತ್ತೇನೆ. ಹಿಂದೆ ನಿಂತವರು ಗೊಣಗುತ್ತಾರೆ, ಗೊಣಗಲಿ. ನೋವಿಗೆ, ಜ್ವರಕ್ಕೆ ಪ್ಯಾರಾಸಿಟಮಾಲ್ ಹೇಳಿದ ಮಿತಿಯಲ್ಲಿ ಸಾಕಾಗುತ್ತದೆ. ಕೀಲು ನೋವು ಅದಕ್ಕೂ ಬಗ್ಗದಿದ್ದರೆ ಲೂಪಸ್ಸೇ ಹಿಡಿತ ತಪ್ಪಿದೆ ಅಂತ ಅರ್ಥ. ಆಗ ಬೇಕಾದದ್ದು ಲೂಪಸ್ ಚಿಕಿತ್ಸೆಯ ಬದಲಾವಣೆ, ಇನ್ನೊಂದು ನೋವಿನ ಮಾತ್ರೆಯಲ್ಲ.

ಇದೇ ಎಚ್ಚರ ಇನ್ನೂ ಕೆಲವಕ್ಕೆ. 'ನೈಸರ್ಗಿಕ' ಅನ್ನುವ ಚೀಟಿ ಹಚ್ಚಿದ ಪುಡಿಗಳಲ್ಲಿ ಸೀಸ, ಪಾದರಸ ಸಿಕ್ಕ ಉದಾಹರಣೆಗಳಿವೆ. ಅರಿಸ್ಟೊಲೋಕಿಕ್ ಆಮ್ಲ ಇರುವ ಗಿಡಗಳಿಂದ ಕಿಡ್ನಿ ಪೂರ್ತಿ ಕೆಟ್ಟವರೂ ಇದ್ದಾರೆ. ರೋಗನಿರೋಧಕ ಶಕ್ತಿ ಹೆಚ್ಚಿಸುತ್ತೇವೆ ಅನ್ನುವ ಡಬ್ಬಿ ಲೂಪಸ್‌ನವರಿಗಂತೂ ಬೇಡವೇ ಬೇಡ. ನಮ್ಮ ತೊಂದರೆಯೇ ಆ ಶಕ್ತಿ ಅತಿಯಾಗಿ ದಾರಿ ತಪ್ಪಿದ್ದು, ಅಲ್ವಾ? ಸಲ್ಫಾ ಗುಂಪಿನ ಆಂಟಿಬಯಾಟಿಕ್ ಕೆಲವರಲ್ಲಿ ಲೂಪಸ್ಸನ್ನು ಕೆರಳಿಸುತ್ತದೆ. ಸಿಟಿ ಸ್ಕ್ಯಾನಿಗೆ ಡೈ ಕೊಡುವ ಮೊದಲು ನಿಮ್ಮ ಇ-ಜಿಎಫ್‌ಆರ್ ಎಷ್ಟು ಅಂತ ನೀವಾಗಿಯೇ ಹೇಳಿ.

ಹೆಜ್ಜೆ 7: ಬಿಪಿ

ಏರಿದ ಬಿಪಿ ಸೋಸುಕಗಳನ್ನು ಇನ್ನಷ್ಟು ಹಾಳುಮಾಡುತ್ತದೆ. ಹಾಳಾದ ಸೋಸುಕಗಳು ಬಿಪಿಯನ್ನು ಮತ್ತೆ ಏರಿಸುತ್ತವೆ. ಗುರಿ 130/80ರ ಕೆಳಗೆ. ಕೆಲವರಿಗೆ ಮೇಲಿನ ಅಂಕಿ 120ರ ಕೆಳಗಿರಲಿ ಅನ್ನುತ್ತಾರೆ. ತೋಳಿಗೆ ಕಟ್ಟುವ ಯಂತ್ರ ಕೊಳ್ಳಿ, ಮಣಿಕಟ್ಟಿನದಲ್ಲ. ಮೂತ್ರ ಮಾಡಿ ಬಂದು, ಬೆನ್ನು ಆನಿಸಿ, ಕಾಲು ಅಡ್ಡ ಹಾಕದೆ ಐದು ನಿಮಿಷ ಸುಮ್ನೆ ಕೂರಿ. ಪಟ್ಟಿ ಬರಿ ತೋಳಿನ ಮೇಲೆ, ಎದೆಯ ಮಟ್ಟದಲ್ಲಿರಲಿ. ಮಾತಾಡಬೇಡಿ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಎರಡನ್ನೂ ಬರೆಯಿರಿ.

ರಾಮಿಪ್ರಿಲ್, ಎನಲಾಪ್ರಿಲ್, ಲೊಸಾರ್ಟನ್, ಟೆಲ್ಮಿಸಾರ್ಟನ್ ಥರದ ಮಾತ್ರೆಗಳನ್ನು ಬಿಪಿ ಸರಿ ಇದ್ದವರಿಗೂ ಬರೆಯುತ್ತಾರೆ. 'ನನಗೆ ಬಿಪಿಯೇ ಇಲ್ಲವಲ್ಲ' ಅಂತ ಬಿಟ್ಟವರನ್ನು ನೋಡಿದ್ದೇನೆ. ಸೋಸುಕದ ಒಳಗಿನ ಒತ್ತಡ ಇಳಿಸಿ ಪ್ರೋಟೀನ್ ಸೋರುವುದನ್ನು ಕಡಿಮೆ ಮಾಡುವುದೂ ಅವುಗಳ ಕೆಲಸ. ಶುರು ಮಾಡಿದ ಎರಡರಿಂದ ನಾಲ್ಕು ವಾರದೊಳಗೆ ಕ್ರಿಯೇಟಿನಿನ್, ಪೊಟ್ಯಾಸಿಯಂ ನೋಡಿಸಬೇಕು. ಕ್ರಿಯೇಟಿನಿನ್ ಸ್ವಲ್ಪ ಏರುವುದು ನಿರೀಕ್ಷಿತ, ಗಾಬರಿ ಬೇಡ.

ಹೆಜ್ಜೆ 8: ವಾಂತಿ ಭೇದಿಯ ದಿನಕ್ಕೆ ಮೊದಲೇ ಚೀಟಿ ಬರೆಸಿಡಿ

ವಾಂತಿ ಭೇದಿಯಾಗಿ ಮೈಯ ನೀರು ಹೋದಾಗ ಮೇಲಿನ ಬಿಪಿ ಮಾತ್ರೆ, ನೀರಿಳಿಸುವ ಮಾತ್ರೆ, ಕೆಲವು ಸಕ್ಕರೆ ಕಾಯಿಲೆಯ ಮಾತ್ರೆಗಳು ಕಿಡ್ನಿಗೆ ಏಟು ಕೊಡುತ್ತವೆ. ಅವನ್ನು ಒಂದೆರಡು ದಿನ ನಿಲ್ಲಿಸಿ ಅನ್ನುವುದು ವಾಡಿಕೆ. ಯಾವುದನ್ನು, ಎಷ್ಟು ದಿನ ಅನ್ನುವುದನ್ನು ಆರೋಗ್ಯವಾಗಿರುವಾಗಲೇ ಡಾಕ್ಟರ ಕೈಯಿಂದ ಬರೆಸಿ ಮಾತ್ರೆ ಡಬ್ಬಿಗೆ ಅಂಟಿಸಿ. ಸ್ಟೆರಾಯ್ಡ್ ಮಾತ್ರ ಆ ಪಟ್ಟಿಗೆ ಸೇರುವುದಿಲ್ಲ. ನುಂಗಿದ ಸ್ಟೆರಾಯ್ಡ್ ವಾಂತಿಯಲ್ಲಿ ಹೊರಗೆ ಬಂದು, ಮತ್ತೆ ನುಂಗಿದ್ದೂ ನಿಲ್ಲದಿದ್ದರೆ ಮನೆಯಲ್ಲಿ ಕಾಯಬೇಡಿ, ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಹಾಕಿಸಿಕೊಳ್ಳಬೇಕು.

ಹೆಜ್ಜೆ 9: ಉಪ್ಪು, ನೀರು, ಪ್ರೋಟೀನ್

ಉಪ್ಪು ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚದಷ್ಟು. ಅಡುಗೆಗೆ ಹಾಕಿದ್ದು, ಪ್ಯಾಕೆಟ್‌ನಲ್ಲಿ ಬಂದದ್ದು, ಹೊರಗೆ ತಿಂದದ್ದು ಎಲ್ಲ ಸೇರಿ. ಪ್ಯಾಕೆಟ್ ಮೇಲೆ ಸೋಡಿಯಂ ಅಂತ ಇರುತ್ತದೆ, ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು ಸಿಗುತ್ತದೆ. 100 ಗ್ರಾಂನಲ್ಲಿ 800 ಮಿಲಿಗ್ರಾಂ ಸೋಡಿಯಂ ಅಂದರೆ 2 ಗ್ರಾಂ ಉಪ್ಪು. ಜಾಸ್ತಿ ಉಪ್ಪು ತಿಂದರೆ ಪ್ರೋಟೀನ್ ಇಳಿಸುವ ಆ ಬಿಪಿ ಮಾತ್ರೆಗಳ ಕೆಲಸವೂ ಮಂಕಾಗುತ್ತದೆ.

'ಕಡಿಮೆ ಸೋಡಿಯಂ ಉಪ್ಪು' ತಂದು ಜಾಣತನ ಮಾಡಿದೆ ಅಂದುಕೊಳ್ಳಬೇಡಿ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ಸೋತವರಲ್ಲಿ, ಲೊಸಾರ್ಟನ್ ಥರದ ಮಾತ್ರೆ ನುಂಗುವವರಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತ ತಪ್ಪುತ್ತದೆ. ಹಾಗಂತ ಪೊಟ್ಯಾಸಿಯಂ ಭಯಕ್ಕೆ ಹಣ್ಣು ತರಕಾರಿ ಬಿಡುವುದೂ ಬೇಡ. ರಕ್ತದಲ್ಲಿ ಅಂಕಿ ಏರಿದೆ ಅಂತ ಡಾಕ್ಟರು ಹೇಳಿದಾಗ ಮಾತ್ರ ಅದನ್ನು ಮಿತಿ ಮಾಡಬೇಕು.

ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ ಅಂದಕೂಡಲೆ ಮನೆಯವರು ಪ್ರೋಟೀನ್ ಪೌಡರ್ ತರುತ್ತಾರೆ, ಪ್ರೀತಿಯಿಂದಲೇ. ಸೋರುವ ಜರಡಿಗೆ ಜಾಸ್ತಿ ಸುರಿದರೆ ಜಾಸ್ತಿ ಸೋರುತ್ತದೆ ಅಷ್ಟೆ. ಕಿಲೋ ತೂಕಕ್ಕೆ ದಿನಕ್ಕೆ 0.8 ಗ್ರಾಂ ಸುತ್ತಮುತ್ತ ಸಾಕು. ಮಕ್ಕಳಿಗೆ, ಬಸುರಿಯರಿಗೆ ಲೆಕ್ಕ ಬೇರೆ. ನೀರು ಜಾಸ್ತಿ ಕುಡಿದು ಕಿಡ್ನಿ 'ತೊಳೆಯುವುದು' ಅಂತೇನೂ ಇಲ್ಲ. ಕೈಕಾಲು ಊದಿದ್ದರೆ ಎಷ್ಟು ಕುಡಿಯಬೇಕು ಅಂತ ಕೇಳಿ, ಇಲ್ಲದಿದ್ದರೆ ಬಾಯಾರಿದಷ್ಟು ಕುಡಿಯಿರಿ.

ಹೆಜ್ಜೆ 10: ಬಿಸಿಲು, ಸೋಂಕು, ಸಿಗರೇಟು

ಬಿಸಿಲಿಗೂ ಕಿಡ್ನಿಗೂ ಏನು ಸಂಬಂಧ ಅನ್ನಬಹುದು. ಬಿಸಿಲಿನ ಅತಿನೇರಳೆ ಕಿರಣ ಚರ್ಮದ ಜೀವಕೋಶಗಳನ್ನು ಒಡೆಯುತ್ತದೆ, ಒಳಗಿನ ವಸ್ತು ಹೊರಗೆ ಬಿದ್ದು ಲೂಪಸ್ಸಿಗೆ ಹೊಸ ಜಗಳಕ್ಕೆ ಕಾರಣ ಸಿಗುತ್ತದೆ. ಉದ್ದ ತೋಳು, ಅಗಲ ಟೋಪಿ, 30ಕ್ಕಿಂತ ಹೆಚ್ಚಿನ ಎಸ್‌ಪಿಎಫ್ ಇರುವ ಸನ್‌ಸ್ಕ್ರೀನ್. ಲಸಿಕೆಗಳಲ್ಲಿ ವರ್ಷಕ್ಕೊಮ್ಮೆ ಫ್ಲೂ ಇಂಜೆಕ್ಷನ್ ಮತ್ತು ನ್ಯುಮೋನಿಯಾ ತಡೆಯುವ ನ್ಯುಮೊಕಾಕಲ್ ಲಸಿಕೆ ಬೇಕು. ಜೀವಂತ ವೈರಸ್ ಇರುವ ಲಸಿಕೆಗಳು ಗಟ್ಟಿ ಔಷಧಿ ನಡೆಯುವಾಗ ಬೇಡ. ಸಿಗರೇಟು ಬಿಡಿ, ಅದಕ್ಕೆ ವಿವರಣೆಯೂ ಬೇಕಿಲ್ಲ.

ಹೆಜ್ಜೆ 11: ಮಗು ಬೇಕು ಅನ್ನುವವರು

ಖಂಡಿತ ಆಗುತ್ತದೆ, ಆದರೆ ತಾರೀಖು ಹಾಕಿಕೊಂಡು. ಕಿಡ್ನಿ ಕನಿಷ್ಠ ಆರು ತಿಂಗಳು ತಣ್ಣಗಿರಬೇಕು. ಮೈಕೋಫೆನೋಲೇಟ್ ಹೊಟ್ಟೆಯ ಮಗುವಿಗೆ ಹಾನಿ ಮಾಡುತ್ತದೆ, ಗರ್ಭಕ್ಕೆ ಕನಿಷ್ಠ ಆರು ವಾರ ಮೊದಲು ನಿಲ್ಲಿಸಿ ಅಜಾಥಯೋಪ್ರಿನ್ ಥರದ್ದಕ್ಕೆ ಬದಲಿಸುತ್ತಾರೆ. ಸೈಕ್ಲೋಫಾಸ್ಫಮೈಡ್ ಮುಂದೆ ಗರ್ಭ ನಿಲ್ಲುವ ಶಕ್ತಿಯನ್ನೇ ಕುಗ್ಗಿಸಬಹುದು. ಅದನ್ನು ಶುರು ಮಾಡುವ ಮೊದಲೇ ಮಗುವಿನ ಆಸೆ ಹೇಳಿಬಿಡಿ. ರಾಮಿಪ್ರಿಲ್, ಲೊಸಾರ್ಟನ್ ಗುಂಪಿನ ಮಾತ್ರೆಗಳೂ ಗರ್ಭದಲ್ಲಿ ಬೇಡ. ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರ ಮುಂದುವರಿಯುತ್ತದೆ, ಬಿಡಬಾರದು. ಈಗ ಮಗು ಬೇಡ ಅನ್ನುವವರು ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆಯನ್ನು ಕೇಳದೆ ಶುರು ಮಾಡಬೇಡಿ. ನೆಫ್ರೈಟಿಸ್ ಕೆರಳಿದ್ದಾಗ, ರಕ್ತ ಹೆಪ್ಪುಗಟ್ಟಿಸುವ ಪ್ರತಿಕಾಯ ಇದ್ದಾಗ ಅದು ಅಪಾಯ.

ಹೆಜ್ಜೆ 12: ಡಾಕ್ಟರ ಎದುರಿನ ಹತ್ತು ನಿಮಿಷ

ಲೂಪಸ್ ನೋಡುವ ರುಮಟಾಲಜಿಸ್ಟ್ ಒಬ್ಬರು, ಕಿಡ್ನಿ ನೋಡುವ ನೆಫ್ರಾಲಜಿಸ್ಟ್ ಇನ್ನೊಬ್ಬರು. ಇಬ್ಬರೂ ಒಂದೇ ಕಡೆ ಸಿಗುವುದು ಅಪರೂಪ, ಹಾಗಾಗಿ ಇಬ್ಬರ ನಡುವಿನ ಅಂಚೆಯವರು ನೀವೇ. ನೋಟ್‌ಬುಕ್‌ನ ಪುಟವನ್ನು ಎದುರಿಗಿಟ್ಟು ಮೂರು ಪ್ರಶ್ನೆ ಕೇಳಿ. ನನ್ನ ಪ್ರೋಟೀನ್ ಕಳೆದ ಸಲಕ್ಕಿಂತ ಯಾವ ಕಡೆ ಹೋಗಿದೆ? ಈ ಡೋಸಿನಲ್ಲಿ ಏನನ್ನು ಬದಲಿಸುತ್ತಿದ್ದೀರಿ, ಯಾಕೆ? ಮುಂದಿನ ಪರೀಕ್ಷೆ ಯಾವ ತಾರೀಖಿಗೆ? ಮೂರನೆಯದರ ಉತ್ತರ ಬರೆದುಕೊಳ್ಳದೆ ಏಳಬೇಡಿ.

ತಾರೀಖಿಗೆ ಕಾಯದೆ ಅಂದೇ ಫೋನ್ ಮಾಡಬೇಕಾದದ್ದು: ಮೂತ್ರ ಬಹಳ ಕಡಿಮೆಯಾದರೆ, ಕೆಂಪು ಅಥವಾ ಕಂದು ಬಣ್ಣಕ್ಕೆ ತಿರುಗಿದರೆ, ಊತ ದಿಢೀರ್ ಏರಿದರೆ, ಔಷಧಿ ನಡೆಯುವಾಗ 38 ಡಿಗ್ರಿ ದಾಟಿದ ಜ್ವರ ಬಂದರೆ. ಉಸಿರು ಕಟ್ಟಿದರೆ, ತಲೆನೋವಿನ ಜೊತೆ ಬಿಪಿ 180 ದಾಟಿದರೆ, ಒಂದೇ ಕಾಲು ಊದಿ ನೋಯತೊಡಗಿದರೆ ಫೋನೂ ಬೇಡ, ನೇರ ತುರ್ತು ವಿಭಾಗಕ್ಕೆ. ಪ್ರೋಟೀನ್ ಬಹಳ ಸೋರುವವರಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಜಾಸ್ತಿ. ಒಂದೇ ಕಾಲಿನ ಊತಕ್ಕೆ ಅಷ್ಟು ಹೆದರುವುದು ಅದಕ್ಕೇ. ಹೋಗುವಾಗ ನೋಟ್‌ಬುಕ್ ಚೀಲಕ್ಕೆ ಹಾಕಿಕೊಳ್ಳಿ. ಅಲ್ಲಿ ರಾತ್ರಿ ಪಾಳಿಯಲ್ಲಿರುವ ಡಾಕ್ಟರಿಗೆ ನಿಮ್ಮ ಹಳೆಯ ಕ್ರಿಯೇಟಿನಿನ್ ಎಷ್ಟಿತ್ತು ಅಂತ ಗೊತ್ತಿರುವುದಿಲ್ಲ.